ಆಷಾಢದಲ್ಲಿ ಅಂಟಿಸಿದ ಬಾಗಿಲು

ನನ್ನ ಡ್ರೈವರ್ ಅಕ್ಕನಿಗೆ,

ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ನಾನು ಎಡಗೈಯಲ್ಲಿ ಬಾಗಿಲು ಹಿಡಿದು ಕೂರುತ್ತಿದ್ದುದು ನೆನಪಿದೆಯಾ? ನಿನ್ನ ಕೆಂಪು ಸ್ಪೋರ್ಟ್ಸ್ ಕಾರಿಗೆ ಇದ್ದದ್ದೇ ಎರಡು ಸೀಟು, ಒಂದು ನಿನ್ನದು, ಇನ್ನೊಂದು ನನ್ನದು. ಮೈಯೆಲ್ಲ ಫೈಬರ್. ನನ್ನ ಕಡೆಯ ಬಾಗಿಲಿನ ಒಳಪದರ ಹೊರಪದರ ಒಂದನ್ನೊಂದು ಬಿಟ್ಟು, ಕೆಳಗಿನ ಅಂಚಿನಲ್ಲಿ ಬೆರಳು ತೂರುವಷ್ಟು ಬಾಯಿ ತೆರೆದಿತ್ತು. "ಗಟ್ಟಿಯಾಗಿ ಹಿಡ್ಕೊಳೇ, ನೀನು ಬಿದ್ರೆ ಪರವಾಗಿಲ್ಲ, ಬಾಗ್ಲು ಬೀಳ್ಬಾರ್ದು" ಅನ್ನುತ್ತಿದ್ದೆ. ಮುಂದಿನ ತಿಂಗಳು ಸರಿಮಾಡುತ್ತೇನೆ, ಅದರ ಮುಂದಿನ ತಿಂಗಳು ಖಂಡಿತ ಅನ್ನುತ್ತಲೇ ನೀನು...

ನಿನ್ನ ತಿಥಿ ಮುಗಿದ ಮೇಲೆ ತಮ್ಮ ಪ್ರಸನ್ನ ಒಬ್ಬರನ್ನು ಮನೆಗೆ ಕರೆದುಕೊಂಡು ಬಂದ. ಹಿನಕಲ್ ಕಡೆ ಹೊಸ ಹೋಟೆಲ್ ತೆರೆದವರಂತೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ನನ್ನ ಬಾಗಿಲನ್ನು ಬೆರಳಲ್ಲಿ ತಟ್ಟಿ ನೋಡಿದರು.

"ಚೆನ್ನಾಗಿದೆ ಮೇಡಂ. ಬಾಗ್ಲು ಎರಡೂ ತೆಗೆಯೋಕಾಗ್ದಂಗೆ ಪೂರ್ತಿ ಪ್ಯಾಕ್ ಮಾಡ್ಸಿ ಹೋಟ್ಲು ಮುಂದೆ ನಿಲ್ಲಿಸ್ತೀವಿ. ಸೀಟಲ್ಲಿ ಹೂಗಿಡ ಇಡೋದು. ಜನ ಫೋಟೊ ತಗೋತಾರೆ."

"ಬಾಗ್ಲೇ ತೆಗೆಯೋಕಾಗ್ದೇ ಇದ್ರೆ ಅದನ್ನ ಕಾರು ಅಂತಾರೇನ್ರೀ?"

"ಹೂಗಿಡ ಎಲ್ಲಿಗ್ ಇಳಿಬೇಕು ಮೇಡಂ?"

ಪ್ರಸನ್ನ ನಕ್ಕ. ನಾನು ನಗಲಿಲ್ಲ. ನಿನ್ನನ್ನು ಕೂರಿಸಿಕೊಂಡು ಊರು ಸುತ್ತಿದ ಗಾಡಿಯನ್ನು ಹೂಕುಂಡ ಮಾಡಲು ನಾನು ಬಿಡುವವಳಲ್ಲ ಅಂದೆ. ನಿನ್ನ ನಂತರ ಕಾರು ನಮ್ಮಿಬ್ಬರದೂ ಹೌದಲ್ಲ, ಅವನೂ ಬಿಡಲಿಲ್ಲ. "ಆ ಬಾಗ್ಲು ಸರಿ ಮಾಡ್ಸಿ, ನೀನೇ ಓಡಿಸೋದಾದ್ರೆ ಇಟ್ಕೋ ಕಣೇ. ಇಲ್ದಿದ್ರೆ ಕೊಟ್ಬುಡೋಣ." ನನ್ನ ಲೈಸೆನ್ಸ್ ಇದುವರೆಗೆ ಗುರುತಿನ ಚೀಟಿಯಾಗಿ ಬಿಟ್ಟರೆ ಇನ್ನಾವುದಕ್ಕೂ ಬಳಕೆಯಾಗಿಲ್ಲ ಎಂಬುದು ಅವನಿಗೆ ಗೊತ್ತು. ನನಗೆ ಕಾಲಾವಕಾಶ ಕೊಟ್ಟವರು ಹೋಟೆಲಿನವರೇ. ನಾಳೆಯಿಂದ ಆಷಾಢ, ಗಾಡಿ ಮನೆಗೆ ತರುವಂತಿಲ್ಲ, ಕಳೆದ ಮೇಲೆ ಬರುತ್ತೇನೆ ಅಂದರು. ಆಷಾಢದಲ್ಲೇ ಈ ಕಾರನ್ನು ಕೊಂಡು ತಂದು ಬೀದಿಯವರ ಬಾಯಿ ಮುಚ್ಚಿಸಿದವಳು ನೀನು. ಅದೇ ಆಷಾಢ ನನ್ನ ಕೈಹಿಡಿಯಿತು ನೋಡು.

ಊಟದ ಮೇಜಿನ ಮೇಲೆ ನೀನು ಕಾರ್ಬುರೇಟರ್ ಬಿಚ್ಚಿ ಹರಡಿ, ಅಮ್ಮನಿಂದ ಬೈಸಿಕೊಂಡದ್ದು ನನಗೆ ಜ್ಞಾಪಕವಿತ್ತಲ್ಲ, ನಾನೂ ಬಾಗಿಲನ್ನು ಕಳಚಿ ತಂದು ಅಲ್ಲೇ ಮಲಗಿಸಿದೆ. ದಸರಾ ಸ್ತಬ್ಧಚಿತ್ರಗಳಿಗೆ ಫೈಬರ್ ಗೊಂಬೆ ಮಾಡುವವರ ಶೆಡ್ಡಿಗೆ ಹೋಗಿ ಫೈಬರ್ ಅಂಟಿಸುವ ರೆಸಿನ್ ತಂದೆ. ಬಾಗಿಲನ್ನೂ ನೀವೇ ಅಂಟಿಸಿಕೊಡಿ ಎಂದು ಕೇಳಿದ್ದಕ್ಕೆ, "ನಾನು ಆನೆ ಮಾಡ್ತೀನಿ ಮೇಡಂ, ಆನೆಗೆ ಬಾಗ್ಲಿರಲ್ಲ" ಅಂದರು. ಸರಿ, ನಾನೇ ಮಾಡಿದೆ. ಹಳೆಯ ಅಂಟನ್ನು ಕೆರೆದೆ, ಅಂಚುಗಳನ್ನು ಉಪ್ಪುಕಾಗದದಿಂದ ಒರಟು ಮಾಡಿದೆ, ರೆಸಿನ್‌ಗೆ ಗಟ್ಟಿಯಾಗಿಸುವ ದ್ರವ ಬೆರೆಸಿ ಬಳಿದು, ಎರಡು ಪದರಗಳನ್ನು ಕೂಡಿಸಿ, ಭಾರಕ್ಕೆ ನನ್ನ ಕವನ ಸಂಕಲನಗಳನ್ನೆಲ್ಲ ಹೇರಿದೆ. ಕಲ್ಲಿನಂತೆ ಅಂಟಿತು. ಕಾರಿಗೆ ಕೂರಿಸಿದರೆ ಮುಚ್ಚಲೇ ಇಲ್ಲ. ಮೇಲೆ ತಾಗಿದರೆ ಕೆಳಗೆ ತೆರೆದು ನಿಲ್ಲುತ್ತಿತ್ತು. ಮೇಜು ಸಮತಟ್ಟು, ಕಾರಿನ ಪಕ್ಕೆಯಲ್ಲಿ ಬಾಗು ಇದೆ. ಬಾಗಿಲು ಮೇಜಿನ ಆಕಾರ ಕಲಿತುಬಿಟ್ಟಿತ್ತು.

"ಕವಿತೆ ಭಾರಕ್ಕೆ ಬಾಗ್ಲು ಸೊಟ್ಟಗಾಯ್ತೇನೆ?" ಅಂದ ಪ್ರಸನ್ನ. "ಸಾಕು ಬುಡು, ಅವ್ರಿಗೆ ಫೋನ್ ಮಾಡ್ತೀನಿ."

"ಆಷಾಢ ಇನ್ನೂ ಮುಗ್ದಿಲ್ಲ ಕಣೋ."

ನೀನು ರವಿಕೆ ಹೊಲಿಯುವಾಗ ನನ್ನನ್ನು ಮುಂದೆ ನಿಲ್ಲಿಸಿಕೊಂಡೇ ಪಿನ್ನು ಚುಚ್ಚುತ್ತಿದ್ದೆಯಲ್ಲ, ಅಳತೆ ಬರೆದುಕೊಂಡರೆ ಸಾಕಾಗುವುದಿಲ್ಲ, ಮೈಮೇಲೇ ನೋಡಬೇಕು ಅಂತ. ಅದು ಹೊಳೆದದ್ದು ಆಗ. ಅಷ್ಟು ಕಷ್ಟಪಟ್ಟು ಅಂಟಿಸಿದ್ದನ್ನು ಗರಗಸದ ಬ್ಲೇಡಿನಿಂದ ಮತ್ತೆ ಬಿಡಿಸಿದೆ. ಈ ಸಲ ಒಳಪದರವನ್ನು ಕಾರಿಗೇ ತೂಗುಹಾಕಿದೆ. ಬಾಗಿಲು ಕಾರಿನ ಮೈಗೇ ಅಂಟಿಕೊಂಡುಬಿಡದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟೆ. ಅಂಟು ಬಳಿದು, ಹೊರಪದರ ಕೂಡಿಸಿ, ಗಟ್ಟಿಯಾಗುವ ಮೊದಲೇ ಬಾಗಿಲು ಮುಚ್ಚಿ ಚಿಲಕ ಬೀಳಿಸಿದೆ. ಹೊರಗಿನಿಂದ ಹಲಗೆ ಒತ್ತಿಟ್ಟು, ಅದಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಕೋಲುಗಳನ್ನು ಬಿಗಿಯಾಗಿ ಆನಿಸಿದೆ. ತುಂತುರು, ಥಂಡಿ ಗಾಳಿ. ಥಂಡಿಗೆ ರೆಸಿನ್ ಒಣಗುವುದಿಲ್ಲವೆಂದು ನಿನ್ನ ಹೇರ್ ಡ್ರೈಯರ್ ಹಿಡಿದು ಕೂತಿದ್ದೆ. ಬೀದಿಯವರು ನಿಂತು ನೋಡಿದರು. ನೋಡಲಿ. ನಿನ್ನನ್ನು ನೋಡಿರಲಿಲ್ಲವೇ?

ಶ್ರಾವಣದ ಮೊದಲ ಬೆಳಿಗ್ಗೆ ಹೋಟೆಲಿನವರು ಲಾರಿ ತಂದರು. ನಾನು ಕೋಲು, ಹಲಗೆ ತೆಗೆದು ಹಿಡಿಕೆ ಎಳೆದೆ. ತೆರೆಯಿತು. ಒಂದೇ ಏಟಿಗೆ ಮುಚ್ಚಿತು. ಸುತ್ತಲೂ ಒಂದೇ ಸಮನಾದ ಸಂದು. "ಹೂಗಿಡಕ್ಕೆ ಬೇರೆ ಜಾಗ ನೋಡ್ಕೊಳಿ ಸಾರ್" ಅಂದು, ಪ್ರಸನ್ನನನ್ನು ನನ್ನ ಹಳೆಯ ಸೀಟಿನಲ್ಲಿ ಕೂರಿಸಿ, ನಾನು ನಿನ್ನದರಲ್ಲಿ ಕೂತೆ.

ನಮ್ಮ ವಿದ್ಯಾರಣ್ಯಪುರಂ ದಾಟುವುದರೊಳಗೆ ಎರಡು ಸಲ ಗಾಡಿ ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆದರು. ಹೊಡೆಯಲಿ. ಬೆಟ್ಟದ ಮೊದಲ ತಿರುವಿಗೆ ಪ್ರಸನ್ನನ ಎಡಗೈ ತಾನಾಗಿ ಬಾಗಿಲನ್ನು ಹಿಡಿಯಿತು, ನಿನ್ನ ಪಕ್ಕ ಅವನೂ ಕೂತಿದ್ದವನೇ ತಾನೇ.

"ಕೈ ಬಿಡೋ" ಅಂದೆ.

"ಬೀಳತ್ತೆ ಕಣೇ."

"ಬಿಡು ಅಂದ್ನಲ್ಲ."

ಬಿಟ್ಟ. ಮೇಲೆ ಹೋಗುವವರೆಗೂ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಕ್ಕಾ.

ನಿನ್ನ ಪಕ್ಕದ ಸೀಟಿನವಳು