ಮೂರರ ಸ್ಟಿಕ್ಕರ್

ಮಾರ್ಚ್ 4

ಮತ್ತೆ ಗಾಜಿನ ಹಿಂದೆ. ಆ ಕಡೆ ಚಾಪೆಯ ಮೇಲೆ ಎರಡು ವರ್ಷದ ಮಕ್ಕಳು, ಮರದ ರೈಲು. ಈ ಕಡೆ ನಾನು, ಆರಿದ ಕಾಫಿ. ನಾನು ಅವರಿಗೆ ಕಾಣುವುದಿಲ್ಲ. ಯಾವ ಮಗು ಕೂತು ಆಡಿತು, ಯಾವುದು ಎದ್ದು ಹೋಯಿತು, ಯಾವುದು ಚಕ್ರ ಕಿತ್ತು ಬಾಯಿಗಿಟ್ಟಿತು — ನೋಡಬೇಕು. ಕೊನೆಗೆ ಆಟಿಕೆಯ ಪೆಟ್ಟಿಗೆಯ ಮೂಲೆಗೆ ಒಂದು ವಯಸ್ಸು ಹಾಕಬೇಕು. ಈ ಆಟಿಕೆ ಕಂಪನಿಯಲ್ಲಿ ವರ್ಷಗಳಿಂದ ಇದೇ ಕೆಲಸ. "ನಮ್ಮಣ್ಣ ಗೊಂಬೆಗಳಿಗೆ ಜಾತಕ ಬರೀತಾನೆ," ಎನ್ನುತ್ತಾಳೆ ತಂಗಿ.

ಚಕ್ರ ಕಳಚಿತು. ಮೂರು ವರ್ಷ ಮೇಲ್ಪಟ್ಟು ಎಂದು ಬರೆದೆ. ಮ್ಯಾನೇಜರ್‌ಗೆ ಬೇಸರ. "ಒಂದೂವರೆ ಅಂತ ಹಾಕ್ರೀ, ಯಾರು ನುಂಗ್ತಾರೆ!" ಹಾಕಲಿಲ್ಲ. ವಯಸ್ಸು ಇಳಿಸುವುದು ಅಪಾಯ. ಏರಿಸಿದರೆ ಯಾರೂ ಸಾಯುವುದಿಲ್ಲ.

ಮಾರ್ಚ್ 9, ಭಾನುವಾರ

ಮಹಡಿ ಮೇಲೆ, ತಂಗಿಯ ಮನೆಗೆ. ಅವಳ ಮಗ ಪುಂಡನಿಗೆ ಮೂರು ತುಂಬಿದೆ. ಹುಟ್ಟಿದ ಹೊಸದರಲ್ಲಿ ಸೂರು ಹಾರಿಹೋಗುವಂತೆ ಅಳುತ್ತಿದ್ದ, ಅದಕ್ಕೆ ಆ ಹೆಸರು. ಈಗ ಸದ್ದಿಲ್ಲ. ಹೆಸರು ಉಳಿದಿದೆ.

ಚಿತ್ರ ಜೋಡಿಸುವ ಪಝಲ್ ತಂದಿದ್ದಳು. ಮೂಲೆಯಲ್ಲಿ ನಾನೇ ಬರೆದ ಮೂರು. ಅವನು ಮುಚ್ಚಳ ಎತ್ತಿದ, ಬೀಳಿಸಿದ. ಎತ್ತಿದ, ಬೀಳಿಸಿದ. ಚೂರುಗಳ ಕಡೆ ಕಣ್ಣು ಹಾಯಿಸಲಿಲ್ಲ.

"ಹಠ ಅಣ್ಣಾ, ಅಷ್ಟೆ. ಸೋದರಮಾವನ ಬುದ್ಧಿ."

ನಕ್ಕೆವು. ಆದರೆ ನನ್ನೊಳಗೆ, ಗಾಜಿನ ಹಿಂದಿರುವವನು, ಆಗಲೇ ಒಂದು ಅಂಕಿ ಬರೆದು ಮುಗಿಸಿದ್ದ.

ಮಾರ್ಚ್ 15

ಚೆಂಡಿನ ಡಬ್ಬಿ ಕೊಂಡೊಯ್ದೆ. ಮೇಲಿನ ತೂತಿಗೆ ಹಾಕಿದರೆ ಚೆಂಡು ಕೆಳಗೆ ಹೊರಬರುತ್ತದೆ. ತಂಗಿ ಮೊದಲು ಮೂಲೆ ನೋಡಿದಳು. 1+.

"ಏನಿದು?"

"ಒಂದು ಮೇಲ್ಪಟ್ಟು ಅಂತ ತಾನೇ ಇರೋದು..."

"ನಂಗೂ ಓದಕ್ಕೆ ಬರುತ್ತೆ. ನನ್ನ ಮಗನ್ನ ವಾಪಸ್ ತೊಟ್ಟಿಲಿಗೆ ಹಾಕ್ಬೇಡ."

ಡಬ್ಬಿ ಮೆಟ್ಟಿಲ ಮೇಲೆ ಬಂದು ಬಿತ್ತು. ಅವಳ ಗಂಡ ಬಗ್ಗಿ ಎತ್ತಿಕೊಟ್ಟ. "ಭಾವ, ಮನೇಲಿ ಈ ಮಾತೊಂದು ಬೇಡ." ನಾನು ಚಪ್ಪಲಿ ಮೆಟ್ಟುವವರೆಗೂ ಮುಖ ನೋಡಲಿಲ್ಲ.

ಮಾರ್ಚ್ 17

ಆಫೀಸಿನಲ್ಲಿ ಸ್ಟಿಕ್ಕರ್ ಸುರುಳಿ. ಹಳದಿ ವೃತ್ತ, ನಡುವೆ 3+. ಚೆಂಡು ಉರುಳಿ ಇಳಿಯುವ ಗೋಪುರವೊಂದಿತ್ತು, ಒಂದು ವರ್ಷದವರದ್ದು. ಅದರ ಅಂಕಿಯ ಮೇಲೆ ಅಂಟಿಸಿದೆ. ಸರಿಯಾಗಿ ಮುಚ್ಚಿತು.

ಸಂಜೆ ಪುಂಡ ಗೋಪುರದ ಮುಂದೆ ಕೂತವನು ಏಳಲಿಲ್ಲ. ಚೆಂಡು ಮರೆಯಾಗಿ ಮತ್ತೆ ಕಂಡಾಗಲೆಲ್ಲ ಒಂದು ಸಣ್ಣ ಉಸಿರು. ತಂಗಿ ಅಡುಗೆಮನೆಯಿಂದ ಬಂದು ಬಂದು ನೋಡಿದಳು.

"ನೋಡಿದ್ಯಾ? ವಯಸ್ಸಿಗೆ ತಕ್ಕದ್ದು ಕೊಟ್ರೆ ಹೆಂಗೆ ಆಡ್ತಾನೆ!"

ಒಳಗೆ ಹೋಗಿ ಏನೋ ಹಾಡು ಗುನುಗಿದಳು. ಕೇಳಿ ಬಹಳ ದಿನವಾಗಿತ್ತು.

ಏಪ್ರಿಲ್ 22

ಗೂಟ ಬಡಿಯುವ ಹಲಗೆ. ಒಂದರೊಳಗೊಂದು ಕೂರುವ ಬಟ್ಟಲು. ಎಲ್ಲಕ್ಕೂ ಹಳದಿ.

ಗಾಜಿನ ಆ ಕಡೆ ಮಕ್ಕಳ ಜೊತೆ ಕೂರುವ ಆಟದ ಟೀಚರ್ ಕೇಳಿದರು: "ಏನ್ ಸಾರ್, ಮೂರರ ಸ್ಟಿಕ್ಕರ್ ಕಾಫಿಗೆ ಅದ್ಕೊಂಡು ತಿಂತೀರಾ?"

ಜುಲೈ 2

ಪುಂಡನನ್ನು ಮಕ್ಕಳ ಕ್ಲಿನಿಕ್ಕಿಗೆ ತೋರಿಸಿ ಎಂದು ನರ್ಸರಿಯವರು ಹೇಳಿದ್ದರು. ನಾಳೆ ಹೋಗಬೇಕಿತ್ತು. ಇಂದು ತಂಗಿ ಬೇಡವೆಂದು ಫೋನ್ ಮಾಡಿದಳು, ನನ್ನೆದುರೇ. "ಮೂರು ವರ್ಷದ ಆಟಿಕೆ ಎಲ್ಲಾ ಆಡ್ತಾನೆ. ಹೂಂ, ಗೊತ್ತಿದೆ, ನಮ್ಮಣ್ಣ ಅದೇ ಕಂಪನೀಲಿರೋದು. ಮಾತೊಂದು ನಿಧಾನ."

ಫೋನ್ ಇಟ್ಟು ನನಗೆ: "ನೀನೂ ನಾಲ್ಕರವರೆಗೆ ಬಾಯೇ ಬಿಟ್ಟಿರ್ಲಿಲ್ವಂತೆ. ಈಗ್ಲೂ ಏನು ಮಹಾ!"

ಸ್ಟಿಕ್ಕರಿನ ಮಾತು ತುಟಿಯವರೆಗೆ ಬಂದಿತ್ತು. ಅವಳು ನಗುತ್ತಿದ್ದಳು. ನುಂಗಿದೆ.

ಜುಲೈ 3

ಪುಂಡನ ವಿಷಯ, ಯಾರದೋ ಮಗು ಎಂಬಂತೆ, ಆಫೀಸಿನ ಆಟದ ಟೀಚರನ್ನು ಕೇಳಿದೆ.

"ಬೇಗ ಕರ್ಕೊಂಡು ಹೋಗ್ಲಿ ಸಾರ್. ಈ ವಯಸ್ಸಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ." ಸ್ವಲ್ಪ ತಡೆದು, "ಸ್ಟಿಕ್ಕರ್ ಹೋಗ್ತಿರೋದು ಅಲ್ಲಿಗೇನಾ?"

ರೈಲಿನ ಚಕ್ರದ ಬಗ್ಗೆ ಏನೋ ಹೇಳಿದೆ.

ನವೆಂಬರ್ 8

ಇಷ್ಟು ದಿನ ಬರೆದಿಲ್ಲ. ಏನೂ ಆಗಲಿಲ್ಲ. ಆದದ್ದೇ ಅದು.

ಇಂದು ಎದುರುಮನೆಯ ಹುಡುಗಿ ಬಂದಿದ್ದಳು, ಪುಂಡನದೇ ವಯಸ್ಸು. ಗೋಪುರಕ್ಕೆ ಒಂದು ಚೆಂಡು ಹಾಕಿ ನಿಂತಳು. "ಆಂಟೀ, ಇದು ಪಾಪೂದು. ನಮ್ಮನೇಲೂ ಇದೆ, ನನ್ನ ತಮ್ಮಂದು." ಚಪ್ಪಲಿ ಹುಡುಕಿಕೊಂಡು ಹೊರಟೇಹೋದಳು.

ತಂಗಿ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿದಳು. ಉಗುರಿನಿಂದ ಕೆರೆದಳು. ಹಳದಿ ಎದ್ದು ಬಂತು, ಕೆಳಗೆ 1+. ಇನ್ನೊಂದು. ಇನ್ನೊಂದು.

"ಯಾವತ್ತಿಂದ ಗೊತ್ತು ನಿಂಗೆ?"

"ಮಾರ್ಚ್."

"ನಾನು ಬೈತೀನಿ ಅಂತಾನಾ? ಹುಟ್ಟಿದಾಗಿಂದ ಬೈತಾನೇ ಇದೀನಲ್ಲ ನಿನ್ನ. ಇನ್ನೊಂದ್ಸಲ ಬೈಸ್ಕೊಂಡಿದ್ರೆ ಏನಾಗ್ತಿತ್ತು?"

ಅವಳಿಗೆ ನೋವಾಗದಂತೆ ಕಾಯುತ್ತಿದ್ದೇನೆಂದು ತಿಳಿದಿದ್ದೆ. ಅವಳ ಗುನುಗು ನನಗೆ ಬೇಕಿತ್ತು, ಅಷ್ಟೇ ಇರಬೇಕು.

ಪುಂಡನನ್ನು ಎತ್ತಿ ನನ್ನ ಮುಂದೆ ಕೂರಿಸಿದಳು. "ಊರ ಗೊಂಬೆಗೆಲ್ಲ ಹೇಳ್ತೀಯಲ್ಲ. ಹೇಳು. ಇವನಿಗೆಷ್ಟು?"

ನಡುವೆ ಗಾಜಿರಲಿಲ್ಲ. ಅವನು ನನ್ನ ಕನ್ನಡಕ ಹಿಡಿದು ಎಳೆದ.

"ಒಂದು," ಎಂದೆ. "ಒಂದು, ಸ್ವಲ್ಪ ಮೇಲೆ."

"ಸ್ವಲ್ಪ ಮೇಲೆ," ಎಂದಳು. ಎರಡು ಸಲ ಅಂದಳು.

ನವೆಂಬರ್ 11

ಕ್ಲಿನಿಕ್. ಪ್ಲಾಸ್ಟಿಕ್ ಕುರ್ಚಿಗಳು. ತಂಗಿಯ ಸೊಂಟದ ಮೇಲೆ ಪುಂಡ, ಅವನ ಕಾಲು ಅವಳ ಮೊಣಕಾಲಿನವರೆಗೆ ಜೋತುಬಿದ್ದಿತ್ತು. ಕೌಂಟರಿನ ಹೆಂಗಸು ತಲೆಯೆತ್ತದೆ ಕೇಳಿದರು, "ವಯಸ್ಸು?"

"ಒಂದು," ಎಂದಳು ತಂಗಿ.

ಆಕೆ ತಲೆಯೆತ್ತಿದರು. "ಕೇಳಿದ್ದು ಈ ಮಗೂದು ಕಣಮ್ಮ."

"ಇವನದ್ದೇ. ಒಂದು, ಸ್ವಲ್ಪ ಮೇಲೆ. ನಂಬ್ಕೆ ಇಲ್ದಿದ್ರೆ ಇವ್ರನ್ನ ಕೇಳಿ. ಇವ್ರೇ ವಯಸ್ಸು ಬರೆಯೋರು."

ಇಬ್ಬರೂ ನನ್ನ ಕಡೆ ತಿರುಗಿದರು. ಹಿಂದೆ ಯಾರೋ ಗೊಣಗಿದರು. ಮೂರು ವರ್ಷ ಎಂಟು ತಿಂಗಳು. ಅಷ್ಟೇ ಹೇಳಬೇಕಿತ್ತು, ಅದು ನಿಜವೇ. ಬಾಯಿ ತೆರೆದೆ. ತಂಗಿ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವಳ ಎದುರು, ಅವನ ತಲೆಯ ಮೇಲೆ, ಇನ್ನೊಂದು ಸಲ ಮೂರು ಎಂದು ಅಂಟಿಸಲು ನನ್ನಿಂದಾಗಲಿಲ್ಲ.