ಒಣ ಕಟಿಂಗ್

ಮಾರ್ಚ್ 3, ಬೆಳಿಗ್ಗೆ

ಇವರು ಬಾಳೆಹಣ್ಣು ತೊಳೆಯುತ್ತಿದ್ದಾರೆ. ಸಿಪ್ಪೆ ಸಮೇತ, ಉಪ್ಪುನೀರಲ್ಲಿ. ಔಷಧಿ ಹೊಡೆದಿರುತ್ತಾರಂತೆ. ಸಿಪ್ಪೆನೂ ತಿನ್ನುತ್ತೀರಾ ಅಂದೆ. ಮುಖ ಊದಿಸಿಕೊಂಡರು. ಎದುರಂಗಡಿಯಿಂದ ಹಾಲು ತರೋದಕ್ಕೂ ಹೆಲ್ಮೆಟ್. ಮಲಗುವಾಗ ಮೊಬೈಲ್ ಅಡುಗೆಮನೆಯಲ್ಲಿ, ತಲೆಗೆ ರೇಡಿಯೇಷನ್ ಅಂತ.

ಇಷ್ಟು ಜೋಪಾನದ ಮನುಷ್ಯ ಮೆಟ್ಟಿಲಿಳಿದು ನಮ್ಮದೇ ಶೆಡ್‌ಗೆ ಹೋದರೆ ಮುಗೀತು. ಗ್ರಾನೈಟ್ ಕಟಿಂಗ್ ಮೆಷಿನ್ ಆನ್. ನೀರಿನ ಪೈಪ್ ಪಕ್ಕಕ್ಕೆ. ಮೂಗಿಗೆ ಒಂದು ಬಟ್ಟೆಯೂ ಇಲ್ಲ. ನೀರು ಬಿಟ್ಟರೆ ಪೆನ್ಸಿಲ್ ಗೆರೆ ಕಾಣಲ್ಲವಂತೆ, ಸಿಂಕ್ ಕೂರಿಸುವ ಜಾಗ ಕೂದಲೆಳೆಯಷ್ಟು ಆಚೀಚೆ ಆದರೂ ಸ್ಲ್ಯಾಬ್ ದಂಡವಂತೆ. ಊಟಕ್ಕೆ ಬರುವಾಗ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ, ರೆಪ್ಪೆಯೆಲ್ಲ ಬಿಳಿ. ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ.

ಮಾರ್ಚ್ 5

ಫಿಲ್ಟರ್ ಇರುವ ಮಾಸ್ಕ್ ತಂದುಕೊಟ್ಟೆ. ಹಾಕಿಕೊಂಡರು. ಖುಷಿಪಟ್ಟೆ... ನೋಡಿದರೆ ಸ್ಲ್ಯಾಬ್ ಜೋಡಿಸುವ ಅಂಟು ಕಲೆಸುವಾಗ ಮಾತ್ರ. ಕಲ್ಲು ಕೊಯ್ಯುವಾಗ ಮತ್ತೆ ಮೊಳೆಗೆ ನೇತು ಹಾಕಿದರು.

"ಘಾಟು ಬರುತ್ತಲ್ಲ, ಅದು ವಿಷ ಕಣೇ. ಧೂಳಿಗೇನು ವಾಸನೆ ಇದ್ಯಾ?"

ಪಾಲಿಶ್ ಮಾಡುವ ಮೈದುನ ಇನ್ನೊಬ್ಬ ಮಹಾಶಯ. ಕೈ ಒರಟಾಗುತ್ತೆ ಅಂತ ಗ್ಲೌಸ್ ತಪ್ಪಿಸಲ್ಲ. ಗಾಗಲ್ ಮಾತ್ರ ನೆತ್ತಿಯ ಮೇಲೆ. ನೆತ್ತಿಗೆ ಕಣ್ಣಿದೆಯೇನಪ್ಪಾ ಅಂದರೆ ಹಲ್ಲು ಕಿರಿಯುತ್ತಾನೆ. ಇವರಿಬ್ಬರ ಮಧ್ಯೆ ನನಗೆ ತಲೆ ಕೆಟ್ಟು ಹೋಗುತ್ತದೆ.

ಮಾರ್ಚ್ 14

ನೀರಿಗೆ ಅಳಿಸದ ಮೇಣದ ಪೆನ್ಸಿಲ್ ಹುಡುಕಿ ತಂದೆ. ಒಂದು ಸಲ ಗೆರೆ ಎಳೆದು ನೋಡಿ, ದಪ್ಪ ಆಯ್ತು ಅಂತ ಬದಿಗಿಟ್ಟರು. ದಪ್ಪವಂತೆ!

ಮುಂದಿನ ಭಾನುವಾರ ಕಲ್ಲು ಕೆಲಸದವರಿಗೆ ಎಕ್ಸ್-ರೇ ಕ್ಯಾಂಪ್ ಇದೆ. ಬರಲ್ಲ ಅಂದರು — ಎಕ್ಸ್-ರೇನೇ ಅಪಾಯ, ಸುಮ್ಮನೆ ಯಾಕೆ ಮೈಗೆ ಹೊಡೆಸಿಕೊಳ್ಳೋದು ಅಂತ. ನಗಬೇಕೋ ಅಳಬೇಕೋ. ಜೊತೆಗೆ ನಾನೂ ತೆಗೆಸುತ್ತೇನೆ ಅಂದ ಮೇಲೆ ಹೂಂ ಅಂದರು.

ಮಾರ್ಚ್ 21, ಸಂಜೆ

ಇವರ ಫಿಲಂ ಕ್ಲಿಯರ್.

ನನ್ನದರಲ್ಲಿ, ಶ್ವಾಸಕೋಶದ ಮೇಲ್ಭಾಗದಲ್ಲಿ, ಸಣ್ಣ ಸಣ್ಣ ಚುಕ್ಕೆ. ಫಿಲಂ ಅದಲು ಬದಲಾಗಿರಬೇಕು ಅಂದೆ. ಡಾಕ್ಟರಮ್ಮ ಹೆಸರು ಓದಿ ತೋರಿಸಿದರು. ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. ಬಿಲ್ ಬರೆಯೋದು, ಗಿರಾಕಿಗಳ ಫೋನ್ ನೋಡೋದು ಅಂದೆ.

"ಶೆಡ್ ಗುಡಿಸೋದು ಯಾರಮ್ಮ?"

ನಾನೇ. ಮದುವೆಯಾಗಿ ಬಂದಾಗಿನಿಂದ. ಸಂಜೆ ಮೆಷಿನ್ ನಿಂತ ಮೇಲೆ, ಒಣ ಪೊರಕೆಯಲ್ಲಿ, ಮೂಲೆ ಮೂಲೆ ಬಿಡದೆ. ಸದ್ದು ನಿಂತಿತಲ್ಲ, ಇನ್ನೇನು ಅಪಾಯ ಅಂದುಕೊಂಡಿದ್ದೆ. ಇವರಿಗೆ ಅಪಾಯ ಅಂದರೆ ವಾಸನೆ. ನನಗೆ ಸದ್ದು. ಚೆನ್ನಾಗಿದೆ ಜೋಡಿ.

ಇವರಿಗೆ ಯಾಕಿಲ್ಲ ಅಂತ ಕೇಳಿಯೇಬಿಟ್ಟೆ. ಒಬ್ಬೊಬ್ಬರ ಮೈ ಒಂದೊಂದು ಥರ, ಇವತ್ತು ಕ್ಲಿಯರ್ ಅಂದರೆ ನಾಳೆಗೂ ಕ್ಲಿಯರ್ ಅಂತಲ್ಲ ಅಂದರು. ಆ ಮಾತಿನ ಎರಡನೇ ಅರ್ಧ ಇವರ ಕಿವಿಗೆ ಬೀಳಲೇ ಇಲ್ಲ. ನನಗೆ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ.

ಏಪ್ರಿಲ್ 9

ಬರೆಯೋದಕ್ಕೆ ಮನಸ್ಸೇ ಬಂದಿರಲಿಲ್ಲ. ಸ್ಕ್ಯಾನ್ ಆಯಿತು. ಅದೇ. ಕಲ್ಲಿನ ಧೂಳು. ಬಂದದ್ದು ಹೋಗಲ್ಲವಂತೆ, ಹೆಚ್ಚಾಗದ ಹಾಗೆ ನೋಡಿಕೊಳ್ಳಬೇಕಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇವರು ಪಕ್ಕದಲ್ಲಿ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದರು.

ಈಗ ನನ್ನನ್ನು ನೋಡಿಕೊಳ್ಳುವ ಭರಾಟೆ. ಪೊರಕೆ ಬಚ್ಚಿಟ್ಟಿದ್ದಾರೆ. ಮೆಟ್ಟಿಲ ಬಾಗಿಲ ಸಂದಿಗೆ ಒದ್ದೆ ಬಟ್ಟೆ. ಅವರ ಬಟ್ಟೆ ಅವರೇ ಒಗೆಯುತ್ತಾರೆ. ಪ್ರೀತಿ ಇಲ್ಲ ಅಂತ ಹೇಳಲಾರೆ.

ಆದರೆ ಕೆಳಗೆ? ಅದೇ ಒಣ ಕಟಿಂಗ್. ಅದೇ ಮೊಳೆ, ಅದೇ ಮಾಸ್ಕ್. ಕೇಳಿದರೆ — "ನಿನಗೆ ಧೂಳು ಆಗಿಬರಲ್ಲ. ನನ್ನ ಫಿಲಂ ಕ್ಲಿಯರ್ ಬಂದಿದೆಯಲ್ಲ." ನಿಮಗೇನೂ ಮಾಡಲ್ಲ ಅಂತ ಧೂಳೇ ಇವರಿಗೆ ಬರೆದುಕೊಟ್ಟಿದೆಯೇನೋ ಅನ್ನುವ ಹಾಗೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಏಪ್ರಿಲ್ 12, ಮಧ್ಯಾಹ್ನ

ಊಟಕ್ಕೆ ಕೂತಾಗ ನೇರವಾಗಿ ಹೇಳಿದೆ.

"ನನ್ನ ಉಸಿರು ಕಟ್ಟಿದ ದಿನ ನೀವು ಎತ್ತಿಕೊಂಡು ಓಡ್ತೀರಿ. ನಿಮ್ಮದೂ ಕಟ್ಟಿದರೆ ಯಾರು ಯಾರನ್ನ ಎತ್ತೋದು?"

ತಟ್ಟೆಗೆ ಇನ್ನಷ್ಟು ಸಾರು ಬಡಿಸಿಕೊಂಡರು. ಆಮೇಲೆ, ಈ ಅಡುಗೆಮನೆ ಆರ್ಡರ್ ಮುಗಿಯಲಿ, ಆಮೇಲೆ ನೀರು ಬಿಟ್ಟೇ ಕೊಯ್ಯುತ್ತೇನೆ ಅಂದರು. ಆರ್ಡರ್ ಯಾವತ್ತು ಮುಗಿದಿದೆ ಈ ಮನೆಯಲ್ಲಿ.

ಸಂಜೆ

ಗಿರಾಕಿ ಫೋನ್ ಬಂತು, ಅಳತೆ ಬದಲಾಯಿಸಬೇಕಂತೆ. ಕೂಗಿದರೆ ಕೇಳಿಸಲ್ಲ. ಇಳಿದು ಹೋದೆ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ತಡ, ಕೈ ಬೆಂಕಿಗೆ ತಾಗಿದ ಹಾಗೆ ಮೆಷಿನ್ ಆಫ್ ಮಾಡಿದರು. ಪೈಪ್ ಎಳೆದು ಬ್ಲೇಡಿಗೆ ನೀರು, ನೆಲಕ್ಕೆ ನೀರು. ಮೇಲೆ ಹೋಗು, ಮೇಲೆ ಹೋಗು ಅಂತ ಒಂದೇ ಸಮನೆ. ಆ ಮುಖದಲ್ಲಿದ್ದ ಹೆದರಿಕೆ ನಿಜ. ತಮಗಾಗಿ ಮಾತ್ರ ಅದು ಹುಟ್ಟುವುದಿಲ್ಲ. ಮೇಲೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ಒಣ ಕೀರಲು ಸದ್ದು.

ಏಪ್ರಿಲ್ 13, ಬೆಳಿಗ್ಗೆ

ಮೆಷಿನ್ ಶುರುವಾಯಿತು. ನೀರಿಲ್ಲ. ಇಲ್ಲಿಂದಲೇ ಗೊತ್ತಾಗುತ್ತದೆ, ಹಲ್ಲು ಕೆರೆದ ಹಾಗೆ ಸದ್ದು.

ಇನ್ನು ಹೇಳುವುದಿಲ್ಲ. ಸಾಕು. ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಹೋಗಿ ಬ್ಲೇಡಿನ ಪಕ್ಕದಲ್ಲೇ ಕೂರುತ್ತೇನೆ, ಮಾಸ್ಕ್ ಹಾಕದೆ. ಪೈಪ್ ಎಳೆದು ನೀರು ಬಿಡುವವರೆಗೂ ಏಳುವುದಿಲ್ಲ. ದಿನಾ ಕೂರುತ್ತೇನೆ. ಹುಚ್ಚು ಅಂತ ನನಗೂ ಗೊತ್ತು, ಡಾಕ್ಟರಮ್ಮನಿಗೆ ಗೊತ್ತಾದರೆ ಬೈಯುತ್ತಾರೆ. ಆದರೆ ಈ ಮನುಷ್ಯನಿಗೆ ಹೆದರಿಕೆ ಬರುವುದು ನನ್ನ ಎದೆಯ ಮೂಲಕ ಮಾತ್ರ ಅಂದಮೇಲೆ ಇನ್ನೇನು ಮಾಡಲಿ. ಒದ್ದೆ ಬಟ್ಟೆ ಎಳೆದು ಹಾಕಿದೆ, ಬಾಗಿಲು ತೆಗೆದಿದ್ದೇನೆ, ಧೂಳು ಮೆಟ್ಟಿಲ ಅರ್ಧಕ್ಕೆ ಬಂದಿದೆ, ಕುರ್ಚಿ ಕೈಯಲ್ಲಿ—