ನಿಸ್ಸಿಮನ ಮೇಲೆ ಅಂಟಿಸಿದ ಮಾತು

ರೂಸೆ, 12 ಫೆಬ್ರವರಿ 2019

ಪ್ರೀತಿಯ ವೆಸೆಲಿನ್,

ನಿನ್ನ ಕಾಗದ ತಲುಪಿತು. ಶನಿವಾರ ಸೋಫಿಯಾದಲ್ಲಿ ಪಂಜಿನ ಮೆರವಣಿಗೆಯಾದ ಮೇಲೆ ನಿನ್ನ ಭಾಷಣವಂತೆ, ಹೆಂಡತಿಯಾಗಿ ನಾನು ಮುಂದಿನ ಸಾಲಿನಲ್ಲಿ ಕೂರಬೇಕಂತೆ. ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ, ಸಿಟ್ಟು ಮಾಡುವಷ್ಟು ತ್ರಾಣ ಈಗ ನನ್ನಲ್ಲಿಲ್ಲ.

ನಿನ್ನ ಅಡ್ಡಮಾತನ್ನು ಮೆಚ್ಚಿಯೇ ನಾನು ನಿನ್ನನ್ನು ಮದುವೆಯಾದದ್ದು. ಕಮ್ಯುನಿಸ್ಟರ ಕಾಲದಲ್ಲಿ ಸಭೆಯೆಲ್ಲ ಕೈ ಎತ್ತಿದಾಗ ನೀನೊಬ್ಬ ಕೈ ಕಟ್ಟಿ ಕೂತಿದ್ದೆ. ಆಮೇಲೆ ಉದಾರವಾದಿಗಳು ಬಂದರು. ಅವರ ಸೋಗು, ಅವರ ವಿಚಾರಸಂಕಿರಣ, ಬಡವರ ಹೆಸರು ಹೇಳಿ ಹೀರುವ ಕಾಫಿ, ಎಲ್ಲವನ್ನೂ ಗೇಲಿ ಮಾಡಿದೆ. ಗೇಲಿಗೆ ಅವರು ತಕ್ಕವರೇ ಆಗಿದ್ದರು. ಮೇಲಿನ ಮನೆಯ ನಿಸ್ಸಿಮ್ ಭಾನುವಾರ ರಾಕಿಯಾ ಸಾರಾಯಿಯ ಬಾಟಲಿ ಹಿಡಿದು ಬಂದು, "ದೋನ್ಕಾ, ನಿನ್ನ ಗಂಡಂಗೆ ಹೌದು ಅನ್ನೋಕೆ ಬಾಯೇ ಬರಲ್ವಲ್ಲಮ್ಮ!" ಎನ್ನುತ್ತಿದ್ದ.

ಬರಬರುತ್ತಾ ಉದಾರವಾದಿಗಳು ಯಾರನ್ನು ಬೈದರೋ ಅವರೆಲ್ಲ ನಿನಗೆ ಒಳ್ಳೆಯವರಾದರು. ಈ ಪಂಜಿನ ಮೆರವಣಿಗೆ ನಡೆಸುವ ಕರಿ ಜಾಕೆಟ್ಟಿನ ಉಗ್ರ ರಾಷ್ಟ್ರವಾದಿಗಳು ಚಪ್ಪಾಳೆ ತಟ್ಟಿದರು. ಅವರಿಗೆ ಮಾತ್ರ ನೀನು ಒಂದು ಸಲವೂ ಅಡ್ಡಮಾತಾಡಲಿಲ್ಲ, ವೆಸ್ಕೊ. ಅವರ ಪತ್ರಿಕೆ ಯಹೂದಿಗಳನ್ನು ಕ್ರಿಮಿಗಳೆಂದಾಗಲೂ ತುಟಿ ಬಿಚ್ಚಲಿಲ್ಲ. ನಿಸ್ಸಿಮನೂ ಯಹೂದಿಯೇ ಅಲ್ಲವೇ, ಆಮೇಲೆ ಅವನು ಕೆಳಗಿಳಿದು ಬರಲಿಲ್ಲ.

ಅವನು ಸತ್ತು ತಿಂಗಳಾಯಿತೆಂದು ಮಟಿಲ್ಡಾ ನಮ್ಮ ಕಟ್ಟಡದ ಬಾಗಿಲಿಗೆ ಗಂಡನ ಫೋಟೋ ಇರುವ ಸಾವಿನ ಚೀಟಿ ಅಂಟಿಸಿದ್ದಳು, ಊರಲ್ಲಿ ಎಲ್ಲರೂ ಅಂಟಿಸುವ ಹಾಗೆ. ನಿನ್ನೆ ಬೆಳಿಗ್ಗೆ ನೋಡಿದರೆ ಅದರ ಮೇಲೆ ಮೆರವಣಿಗೆಯ ಪೋಸ್ಟರು. ದಪ್ಪ ಅಕ್ಷರದಲ್ಲಿ ನಿನ್ನ ಅಂಕಣದ ಸಾಲು: 'ಎಲ್ಲರಿಗೂ ತೆರೆದಿಟ್ಟ ಮನೆ ಮನೆಯಲ್ಲ, ಛತ್ರ.' ಕೆಳಗೆ ನಿನ್ನ ಹೆಸರು. ಬಿಸಿನೀರು, ಸ್ಪಂಜು ತಂದು ಉಜ್ಜಿದೆ. ಪೋಸ್ಟರಿನ ಜೊತೆ ನಿಸ್ಸಿಮನ ಮುಖವೂ ಕಿತ್ತು ಬಂತು. ಮಟಿಲ್ಡಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. "ಬಿಡು ದೋನ್ಕಾ, ಕೈ ಸುಟ್ಕೋಬೇಡ. ನನ್ಹತ್ರ ಇನ್ನೊಂದಿದೆ. ಅಂಟಿಸೋದೆಲ್ಲಿ, ಅದನ್ನ ಹೇಳು" ಎಂದಳು. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಯಾರೋ ಹುಡುಗರು ಮಾಡಿದ್ದು, ನನಗೇನು ಗೊತ್ತು ಎನ್ನುತ್ತೀಯ. ನಿಜವಿರಬಹುದು. ಶನಿವಾರ ಭಾಷಣ ಬಿಟ್ಟು ಇಲ್ಲಿಗೆ ಬಾ. ಮಟಿಲ್ಡಾಳ ಮುಂದೆ ನಿಂತು ಆ ಇನ್ನೊಂದು ಚೀಟಿಯನ್ನು ನಿನ್ನ ಕೈಯಾರೆ ಅಂಟಿಸು. ಭಾಷಣಕ್ಕೇ ಹೋಗುವುದಾದರೆ ಮತ್ತೆ ಈ ಮನೆಗೆ ಬರಬೇಡ.

ಇನ್ನೂ ನಿನ್ನವಳೇ ಆದ,
ದೋನ್ಕಾ

ಮತ್ತೆ: ನೀನು ಮೊದಲು ಬರೆದದ್ದು 'ಎಲ್ಲರಿಗೂ ತೆರೆದಿಟ್ಟ ಮನೆಗೂ ಒಂದು ಚಿಲಕ ಬೇಕು' ಎಂದು. ಸಪ್ಪೆಯಾಯಿತೆಂದು ಹೇಳಿ 'ಛತ್ರ' ಹಾಕಿಸಿದವಳು ನಾನು. ಅವತ್ತು ನಿಸ್ಸಿಮನೂ ನಮ್ಮ ಜೊತೆ ಊಟಕ್ಕೆ ಕೂತಿದ್ದ, ಮೂವರೂ ನಕ್ಕಿದ್ದೆವು. ಇದನ್ನು ಮಟಿಲ್ಡಾಗೆ ಹೇಳಲೆಂದು ನಿನ್ನೆ ಎರಡು ಸಲ ಮೆಟ್ಟಿಲು ಹತ್ತಿದೆ. ಹೇಳಲಾಗಲಿಲ್ಲ.